ಲಾಭ, ಎರಡು, ಮೂರು

ಚನ್ನರಾಯಪಟ್ಟಣ
೯ ಜುಲೈ ೨೦೨೪

ಸ್ನೇಹಲತವ್ವಂಗೆ,

ಇಲ್ಲಿ ಮಳೆ ಇಲ್ಲ, ಸೊಳ್ಳೆ ಇದೆ, ನಿನ್ನ ಸೋದರಮಾವ ಇದೀನಿ. ಯೋಗಕ್ಷೇಮ ಮುಗೀತು.

ಕಾಗದ ಬರ್ದಿದ್ದಕ್ಕೆ ನಗಬೇಡ. ಫೋನಲ್ಲಿ ನೀನು ‘ಚೆನ್ನಾಗಿದೀನಿ ಮಾವ’ ಅಂತೀಯ, ನಾನೊಂದು ಜೋಕು ಹೊಡೀತೀನಿ, ನೀನು ನಗ್ತೀಯ, ಇಬ್ರೂ ಫೋನ್ ಮಡಗ್ತೀವಿ. ಆಮೇಲೆ ನೋಡಿದ್ರೆ ಇಬ್ರೂ ಏನೂ ಹೇಳೇ ಇರಲ್ಲ. ಬಾಯಲ್ಲಿ ಬರದೇ ಇರೋದು ಕೈಯಲ್ಲಿ ಬರ್ತದೆ ಅಂತ ಎಂಫಿಲ್ ಮಾಡ್ತಿದ್ದಾಗ ನೀನೇ ಹೇಳ್ಕೊಟ್ಟಿದ್ದಲ್ವಾ. ಇದು ಏಳನೇ ಕ್ಲಾಸಿನ ಕೈ, ಅಲ್ಲಿಗೇ ನಿಂತ್ಕೊಂಡದೆ. ತಪ್ಪಿದ್ರೆ ಮನಸ್ಸಲ್ಲೇ ತಿದ್ಕೋ, ಮಾರ್ಕು ಕಳೀಬೇಡ.

ಈ ಕಾಗದದ ಜೊತೆ ತೆಂಗಿನಕಾಯಿ ಚೀಲ ತಂದ್ಕೊಟ್ಟ ಕಂಡಕ್ಟರ್ ಪಾಪಯ್ಯಂಗೆ ಒಂದು ಕಾಯಿ ಕೊಡು. ಕೊಡದಿದ್ರೂ ಅವನೇ ಎತ್ಕೊಂಡಿರ್ತಾನೆ. ನಾನು ಲಾಭ, ಎರಡು, ಮೂರು ಅಂತ ಎಣಿಸಿ ಹನ್ನೆರಡು ಹಾಕಿದೀನಿ.

ಆ ಕ್ರೆಡಿಟ್ಟಿನ ಕಥೆ ಏನಾಯ್ತು? ಕಾಯಿ ಮಂಡೀಲಿ ನನ್ನ ಜೊತೆಗಾರ ಲಕ್ಕಯ್ಯ ದಿನಾ ಕೇಳ್ತಾನೆ. ನಾನು ಹೇಳ್ದೆ, ‘ನೋಡ್ಲಾ, ಅವ್ಳು ಆಗ್ಲೇ ಎರಡು ವರ್ಸ ಎಂಫಿಲ್ ಅಂತ ಸೈಕಾಲಜಿ ಓದವ್ಳೆ. ಈಗ ಬ್ಯಾರೆ ಯೂನಿವರ್ಸಿಟೀಲಿ ಡಾಕ್ಟ್ರೇಟು ಮಾಡಕ್ಕೋಗವ್ಳೆ. ಅಲ್ಲಿ ಓದಿದ್ದ ಇಲ್ಲಿಗೆ ಜಮಾ ಮಾಡ್ಕೊಂಡ್ರೆ ಅದ್ನೇ ಮತ್ತೆ ಓದಂಗಿಲ್ಲ. ಅಸಾ ಮಾರ್ದಾಗ ಕರಾನೂ ಜೊತೇಲಿ ಓಯ್ತದಲ್ಲ, ಅಂಗೆ.’ ಅವನು ತಲೆ ಕೆರ್ಕೊಂಡು, ‘ಕರಾನ ವಳಿಕ್ಕೆ ಬುಡ್ತಾರಾ ಅಂತ ಮೊದ್ಲೇ ಕೇಳ್ಬೇಕಿತ್ತು ಕಣ್ಲಾ’ ಅಂದ. ಅವನ ಬಾಯಿಗೆ ಬೂದಿ ಬೀಳ.

ಕೈ ನೋಯ್ತದೆ. ಮಡಗ್ತೀನಿ.

ಇಂತಿ,
ನಿನ್ನ ಮಾವ ದೇವರಾಜು


ಪ್ರಜ್ಞಾತೀರ ವಿಶ್ವವಿದ್ಯಾಲಯ, ಮಹಿಳಾ ಹಾಸ್ಟೆಲ್
ನೆಲಮಂಗಲದ ಹತ್ತಿರ
೩ ಆಗಸ್ಟ್ ೨೦೨೪

ಪ್ರೀತಿಯ ಮಾವ,

ಕರುವನ್ನು ಒಳಗೆ ಬಿಡಲಿಲ್ಲ. ಚೀಲದಲ್ಲಿ ಹನ್ನೊಂದು ಕಾಯಿ ಇದ್ದವು.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಎಂಫಿಲ್‌ನಲ್ಲಿ ನಾನು ಪುಸ್ತಕ ಓದಿ ಪರೀಕ್ಷೆ ಬರೆದ ವಿಷಯಗಳನ್ನೆಲ್ಲ ಒಪ್ಪಿಕೊಂಡರು. ಪ್ರಾಕ್ಟಿಕಮ್‌ನ ಎಂಟು ಕ್ರೆಡಿಟ್ ಮಾತ್ರ ಬೇಡವಂತೆ. ಪ್ರಾಕ್ಟಿಕಮ್ ಅಂದರೆ ಅದೇ, ಜನರ ಎದುರು ಕೂತು ಅವರ ಮಾತು ಕೇಳಿಸಿಕೊಳ್ಳುವ ಪಾಠ. ನಿಮ್ಮ ಮೊಪೆಡ್ಡಿನ ಹಿಂದೆ ಕೂತು ನಾನು ಅರಕಲಗೂಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೆ, ಅಲ್ಲಿ ದುಡಿಯುವ ಹೆಂಗಸರ ಮಾತು ಕೇಳಲು ಹೋಗುತ್ತಿದ್ದೆನಲ್ಲ, ಅದು. ಆಮೇಲೆ ಮಂಡಿಯ ಸಿಪ್ಪೆ ರಾಶಿಯ ಹಿಂದೆ ನಿಮ್ಮನ್ನೇ ಕೂರಿಸಿಕೊಂಡು ಅತ್ತೆಯ ಸಾವಿನ ಬಗ್ಗೆ ಕೇಳಿದ್ದು ಕೂಡ.

ಸಮಾನತಾ ಸಮಿತಿ ಅಂತ ಒಂದಿದೆ. ಬೇರೆ ಕಡೆ ಓದಿದ್ದು ಇಲ್ಲಿಯದಕ್ಕೆ ಸಮವೇ ಎಂದು ತೂಗುವವರು. ಅಧ್ಯಕ್ಷರು ಪ್ರೊಫೆಸರ್ ಷಡಕ್ಷರಿ. ಅವತ್ತು ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಅವರು ಕೇಕು ತಿನ್ನುತ್ತಾ ನನ್ನ ಪ್ರಾಕ್ಟಿಕಮ್ ದಾಖಲೆ ನೋಡಿದರು. ಪ್ರತಿ ಪುಟ ತಿರುಗಿಸುವಾಗಲೂ ಬೆರಳು ನೆಕ್ಕಿಕೊಂಡರು. ಅರಕಲಗೂಡಿನ ಹೆಂಗಸಿನ ಪುಟದ ಮೇಲೆ ಕ್ರೀಮ್ ಮೆತ್ತಿತು. ಅದನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡು, ‘ಪ್ರಕ್ರಿಯೆ ಅಪೂರ್ಣ, ಫಲಿತಾಂಶ ದಾಖಲಾಗಿಲ್ಲ’ ಅಂದರು. ದಾಖಲೆ ಅವರೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ನಿಮ್ಮ ಹೆಸರಿಲ್ಲ, ಬರೀ ‘ದೇ.’ ಅಂತಿದೆ. ಗಾಬರಿ ಬೇಡ.

ಈ ಎಂಟು ಸಿಗದಿದ್ದರೆ ಈ ವರ್ಷ ನನ್ನ ಸಂಶೋಧನೆಯ ವಿಷಯ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದೆ ಫೆಲೋಶಿಪ್ ಕೊಡುವುದಿಲ್ಲ, ಮಾರ್ಚ್‌ಗೆ ಅದರ ವಯಸ್ಸಿನ ಮಿತಿ ದಾಟುತ್ತೇನೆ. ಅದೂ ಹೋಗುತ್ತದೆ. ಹಾಸನದ ಶಾಲೆಯ ಕೆಲಸ ಬಿಟ್ಟು ಬಂದದ್ದು ಇದನ್ನು ನಂಬಿ. ಹಳೆಯ ಗೈಡ್ ಪರಮಶಿವಯ್ಯ ಸರ್ ‘ಇವಳು ಸರಿಯಾಗಿ ಮುಗಿಸಿದ್ದಾಳೆ’ ಎಂದು ಬರೆದುಕೊಟ್ಟರೆ ಮತ್ತೆ ನೋಡುತ್ತಾರಂತೆ. ಅವರು ಫೋನ್ ಎತ್ತುತ್ತಿಲ್ಲ. ರಿಟೈರಾಗಿ ಅರಕಲಗೂಡಿನಲ್ಲಿದ್ದಾರೆ.

ನಿಮ್ಮ,
ಸ್ನೇಹ


ಚನ್ನರಾಯಪಟ್ಟಣ
೨೬ ಆಗಸ್ಟ್ ೨೦೨೪

ಸ್ನೇಹವ್ವ,

ಹೋಗಿ ಬಂದೆ. ಕೈ ಖಾಲಿ, ಕೈ ತುಂಬ ಗುಳ್ಳೆ. ಎರಡೂ ನಿಜ, ಓದು.

ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹತ್ತೂವರೆಗೆ ನಿಮ್ಮ ಮೇಷ್ಟ್ರ ಮನೆ ಹಿಡ್ದೆ. ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರು. ನಿನ್ನ ಹೆಸರು ಹೇಳ್ದೆ.

‘ಸ್ನೇಹಲತಾನಾ? ಎತ್ತರಕ್ಕಿದ್ಲು, ಕನ್ನಡಕ ಹಾಕ್ತಿದ್ಲು.’

‘ಇಲ್ಲ ಸಾ. ಕುಳ್ಳಿ. ಕನ್ನಡಕ ಇಲ್ಲ.’

‘ಅದೇ ಅದೇ, ಅವಳೇ.’

ಕಾಗದದ ವಿಚಾರ ತೆಗೆದ ಕೂಡ್ಲೇ ಮೊಕ ಹುಳಿ ತಿಂದಂಗಾಯ್ತು. ‘ನೋಡಪ್ಪ, ಆ ಡಿಪಾರ್ಟ್‌ಮೆಂಟೇ ಮುಚ್ಚಿಹೋಯ್ತು. ಸೀಲಿಲ್ಲ. ನಾನು ಈಗ ಸೈನ್ ಹಾಕಿದ್ರೆ ನಾಳೆ ನನ್ನ ಕೇಳ್ತಾರೆ, ಯಾವ ಅಧಿಕಾರದಲ್ಲಿ ಹಾಕಿದೆ ಅಂತ.’

‘ಸಾ, ನೀವು ಪಾಠ ಹೇಳಿದ್ದು ಸೀಲಿನ ಕೈಲಾ, ಬಾಯಲ್ಲಾ’ ಅಂದೆ. ನಗ್ತಾನೇ ಅಂದೆ. ಅವ್ರೂ ನಕ್ರು. ನಕ್ಕು ಕೇಳಿದ್ರು, ‘ನೀನು ಏನು ಕೆಲ್ಸ ಮಾಡ್ತೀಯಪ್ಪ?’

‘ಮಂಡೀಲಿ ಕಾಯಿ ಎಣಿಸ್ತೀನಿ, ಸುಲೀತೀನಿ.’

‘ಓ, ಒಳ್ಳೇದಾಯ್ತು. ಹಿತ್ತಲಲ್ಲಿ ಒಂದು ಗುಡ್ಡೆ ಬಿದ್ದಿದೆ, ಆಳೇ ಸಿಕ್ತಿಲ್ಲ. ಸುಲಿದುಕೊಡು, ಅಷ್ಟರಲ್ಲಿ ಯೋಚನೆ ಮಾಡ್ತೀನಿ.’

ನಾನು ಸುಲಿದೆ ಕಣವ್ವ. ಮಧ್ಯಾಹ್ನದ ಗಂಟ ಸುಲಿದೆ. ಅವರ ಹೆಂಡ್ತಿ ಗುರುಸಿದ್ದಮ್ಮನೋರು ಎರಡು ಸಲ ಕಾಫಿ ಕೊಟ್ರು. ಮೂರನೇ ಸಲ ಬಂದು ಮೆತ್ತಗೆ ಅಂದ್ರು, ‘ಅವ್ರು ಊಟ ಮಾಡಿ ಮಲಿಕ್ಕೊಂಡವ್ರೆ ಕಣಪ್ಪ. ಬರ್ದುಕೊಡಾಕಿಲ್ಲ. ನಂಗೊತ್ತು. ನೀನು ಬಸ್ಸು ನೋಡ್ಕೋ.’

ವಾಪಸ್ ಬರ್ತಾ ಹೊಳೆನರಸೀಪುರದ ಬಸ್‌ಸ್ಟ್ಯಾಂಡಲ್ಲಿ ಕೂತು ಉಗಿದೆ. ಜನ ಎಲೆಅಡಿಕೆ ಅಂದ್ಕೊಂಡ್ರು. ಇಷ್ಟು ವರ್ಷ ಕೊಳೆತ ಕಾಯಿ ಒಡೆದಿದೀನಿ, ಆ ನಾತ ಕುಡಿದಿದೀನಿ. ಅದಾದ್ರೂ ಕೈ ತೊಳೆದ್ರೆ ಹೋಗ್ತದೆ.

ನಗೋದು ಬಿಡಬೇಡ.

ಇಂತಿ,
ಪುಕ್ಕಟೆ ಆಳು ದೇವರಾಜು


ಹಾಸ್ಟೆಲ್
೧೮ ನವೆಂಬರ್ ೨೦೨೪

ಪ್ರೀತಿಯ ಮಾವ,

ಮೂರು ತಿಂಗಳಾಯಿತು, ಬರೆಯಲಿಲ್ಲ. ಫೋನಿನಲ್ಲಿ ಚೆನ್ನಾಗಿದ್ದೇನೆ ಅಂದೆ. ಸುಳ್ಳು.

ಪ್ರಾಕ್ಟಿಕಮ್ ಮತ್ತೆ ಮೊದಲಿಂದ ಮಾಡಬೇಕಾಯಿತು, ಮೊದಲು ತರಗತಿಯ ಪಾಠ, ಆಮೇಲೆ ಜನರ ಭೇಟಿ. ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತಿದ್ದೇನೆ. ಅದಕ್ಕೆ ಬೇಜಾರಿಲ್ಲ. ಪಾಠ ಮಾಡುವವರು ಶಶಿಕಿರಣ್ ಅಂತ, ಷಡಕ್ಷರಿಯವರ ಶಿಷ್ಯ. ಹೋದ ತಿಂಗಳು ಅವರು ಗೋಡೆಯ ಪರದೆ ಮೇಲೆ ಒಂದು ಕೇಸು ಹಾಕಿದರು. ‘ಶ್ರೀ ದೇ., ನಲವತ್ತೊಂಬತ್ತು, ವಿಧುರ, ತೆಂಗಿನಕಾಯಿ ಎಣಿಸುವ ಕೆಲಸ.’

ನನ್ನ ವಾಕ್ಯಗಳು ಮಾವ. ನಾನು ಹಾಕಿದ ಅಲ್ಪವಿರಾಮಗಳು ಕೂಡ. ಯಾವ ದಾಖಲೆ ಅವರ ಯಾವ ಪಾಠಕ್ಕೂ ಸಮವಲ್ಲ ಎಂದು ತಳ್ಳಿಹಾಕಿದರೋ ಅದನ್ನೇ ನನಗೆ ಪಾಠ ಹೇಳುತ್ತಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ ಅವರೇ ಒಂದು ಹೆಸರು ಕೊಟ್ಟಿದ್ದಾರೆ: ‘ಅಳಲಾಗದ ವ್ಯಕ್ತಿ’.

ಇನ್ನೂ ಇದೆ. ನೀವು ಎಣಿಸುವಾಗ ‘ಲಾಭ, ಎರಡು, ಮೂರು’ ಅಂತ ಶುರುಮಾಡುತ್ತೀರಿ ಎಂದು ನಾನು ಬರೆದಿದ್ದೆ, ಸುಮ್ಮನೆ, ಕೇಳಿದ್ದನ್ನು ಕೇಳಿದ ಹಾಗೆ. ಶಶಿಕಿರಣ್ ಅದರ ಕೆಳಗೆ ಕೆಂಪು ಗೆರೆ ಎಳೆದು ಅರ್ಥ ಬಿಡಿಸಿದರು. ಹೆಂಡತಿ ಸತ್ತ ಮೇಲೆ ಈ ಮನುಷ್ಯ ಒಂಟಿಯಾದ. ಒಂಟಿತನವನ್ನು ಒಪ್ಪಿಕೊಳ್ಳಲು ಆಗದೆ ‘ಒಂದು’ ಎಂಬ ಸಂಖ್ಯೆಯನ್ನೇ ನಾಲಿಗೆಯಿಂದ ತೆಗೆದುಹಾಕಿದ. ಎಲ್ಲರೂ ಬರೆದುಕೊಂಡರು. ಒಬ್ಬ ಹುಡುಗಿ ‘ಪಾಪ’ ಅಂದಳು. ಸಂಜೆ ಕ್ಯಾಂಟೀನಿನಲ್ಲಿ ಯಾರೋ ವಡೆ ಎಣಿಸುತ್ತಾ ‘ಲಾಭ’ ಅಂದರು, ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ನಾನು ತಟ್ಟೆ ಬಿಟ್ಟು ಎದ್ದೆ.

ಟೆಸ್ಟಿನಲ್ಲಿ ಅದೇ ಪ್ರಶ್ನೆ. ‘ಶ್ರೀ ದೇ. ಒಂದು ಎಂಬ ಸಂಖ್ಯೆಯನ್ನು ತಪ್ಪಿಸುವುದೇಕೆ?’ ನಾನು ಬರೆದೆ: ಚನ್ನರಾಯಪಟ್ಟಣದ ಮಂಡಿಯಲ್ಲಿ ಶುಭವಾಗಲಿ ಎಂದು ಎಲ್ಲರೂ ಹಾಗೇ ಎಣಿಸುತ್ತಾರೆ. ನನ್ನಮ್ಮ ರಾಗಿ ಅಳೆಯುವಾಗಲೂ ಮೊದಲ ಸೇರಿಗೆ ಲಾಭ ಅಂತಲೇ ಹೇಳುತ್ತಾಳೆ. ಶ್ರೀ ದೇ. ಅವರು ಹೆಂಡತಿ ಬದುಕಿದ್ದಾಗಲೂ ಹಾಗೇ ಎಣಿಸುತ್ತಿದ್ದರು.

ಸೊನ್ನೆ ಬಂತು. ಪಕ್ಕದಲ್ಲಿ ಷರಾ: ‘ಕ್ಲೈಂಟ್ ಹೇಳಿದ್ದನ್ನೇ ನಂಬಿಬಿಟ್ಟಿದ್ದೀರಿ.’ ಹೋಗಿ ಕೇಳಿದೆ, ಈ ಕೇಸು ಬರೆದವಳೇ ನಾನು ಅಂದೆ. ಶಶಿಕಿರಣ್ ನಕ್ಕು, ‘ಹಾಗಿದ್ದರೆ ನಿಮಗೆ ಪೂರ್ತಿ ಅಂಕ ಬರಬೇಕಿತ್ತಲ್ಲ ಮೇಡಂ’ ಅಂದರು.

ನಿಮಗೆ ಹೇಳದೆ ಇರಬಹುದಿತ್ತು. ಆದರೆ ಅದು ನಿಮ್ಮ ವಿಷಯ.

ತಲೆ ತಗ್ಗಿಸಿ,
ಸ್ನೇಹ


ಚನ್ನರಾಯಪಟ್ಟಣ
೨ ಡಿಸೆಂಬರ್ ೨೦೨೪

ಸ್ನೇಹವ್ವ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಮಂಡೀಲಿ ಎಲ್ರಿಗೂ ಓದಿ ಹೇಳ್ದೆ. ಲಕ್ಕಯ್ಯ ಅಂದ, ‘ಅಂಗಾರೆ ನಮ್ಮಪ್ಪನೂ ಲಾಭ ಅಂತಿದ್ದ. ಅವ್ನಿಗೆ ಇಬ್ರು ಎಂಡ್ರು ಕಣ್ಲಾ. ಅದಕ್ಕೇನಂತೆ ಆ ಮೇಷ್ಟ್ರು?’ ಮಾಲೀಕ ಅನಿಲ್‌ಕುಮಾರ್ ಗಲ್ಲಾಪೆಟ್ಟಿಗೆ ಮುಂದೆ ಕೂತು ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕ. ಒಳ್ಳೆ ನಾಟಕ ಆಯ್ತು.

ಮಾರನೇ ದಿನ ಬೆಳಿಗ್ಗೆ ಗುಡ್ಡೆ ಮುಂದೆ ನಿಂತೆ. ಕೈಗೆ ಕಾಯಿ ತಗೊಂಡೆ. ಬಾಯಿ ತೆಗೆದೆ. ಲಾಭ ಬರ್ಲಿಲ್ಲ. ಆ ಕ್ಯಾಂಟೀನು ಕಂಡಂಗಾಯ್ತು, ವಡೆ ಹಿಡ್ಕೊಂಡು ನಗ್ತಾ ಇರೋರು ಕಂಡಂಗಾಯ್ತು. ಬಾಯಿಗೆ ಬಂದಿದ್ದು ‘ಒಂದು’.

ಇಡೀ ಷೆಡ್ಡು ನಿಂತೋಯ್ತು ಕಣವ್ವ. ಲಾರಿ ಮೇಲೆ ನಿಂತಿದ್ದೋನು ಬಗ್ಗಿ ನೋಡ್ದ. ಗಲ್ಲಾಪೆಟ್ಟಿಗೆ ಹತ್ರದಿಂದ ಅನಿಲ್‌ಕುಮಾರ್ ಕೂಗ್ದ, ‘ಯಾರ್ಲಾ ಅದು ಒಂದು ಅಂದೋನು, ಬೋಣಿ ಒತ್ನಲ್ಲಿ?’ ನಾನು ಜೋಕು ಹುಡುಕ್ದೆ. ಸಿಗ್ಲಿಲ್ಲ.

ನಾಲ್ಕು ದಿನ ನೋಡ್ದೆ. ಶುರುನೇ ಆಗ್ತಿಲ್ಲ. ಲಾಭ ಅನ್ನೋಕೆ ಹೋದ್ರೆ ಯಾರೋ ಪಕ್ಕದಲ್ಲಿ ನಿಂತು ಬರ್ಕೊಳ್ತಾ ಅವ್ರೆ ಅನ್ನಿಸ್ತದೆ. ಒಂದು ಅಂದ್ರೆ ಅಸಹ್ಯ ಆಗ್ತದೆ. ಈಗ ನನ್ನ ಸಿಪ್ಪೆ ಒಟ್ಟೋಕೆ ಹಾಕವ್ರೆ. ಎಣಿಸೋದು ಲಕ್ಕಯ್ಯ. ನಂದು ಬಾಯಿ ಬೇಕಿಲ್ಲದ ಕೆಲಸ.

ಊರ ನಾಟಕದಲ್ಲಿ ಇಷ್ಟು ವರ್ಷ ಹಾಸ್ಯದ ಪಾರ್ಟು ಮಾಡಿದೀನಿ. ಜನ ನಕ್ರೆ ಹೊಟ್ಟೆ ತುಂಬೋದು. ಆದ್ರೆ ಅಲ್ಲಿ ನಾನು ಬಣ್ಣ ಹಚ್ಕೊಂಡು ಬಾ ಅಂತ ಕರೀತಿದ್ದೆ, ಅವರು ಬಂದು ನಗ್ತಿದ್ರು. ಇದು ನಾನು ಬಚ್ಚಲಲ್ಲಿರೋವಾಗ ಬಾಗ್ಲು ತೆಗೆದು ಚಪ್ಪಾಳೆ ತಟ್ಟಿದಂಗೆ. ಅನ್ನ ಕಲಸಿದ್ರೆ ಕೇಕಿನ ಕೈ ನೆನಪಾಗ್ತದೆ. ಥೂ.

ನಿನ್ನ ಮೇಲೆ ಸಿಟ್ಟಿಲ್ಲ.

ದೇವರಾಜು


ಹಾಸ್ಟೆಲ್
೧೨ ಜನವರಿ ೨೦೨೫

ಮಾವ,

ನಿಮ್ಮ ಪತ್ರ ಹಿಡಿದುಕೊಂಡೇ ಷಡಕ್ಷರಿಯವರ ಹತ್ತಿರ ಹೋದೆ. ಆ ಕೇಸನ್ನು ಪಾಠದಿಂದ ತೆಗೆಯಿರಿ, ನನ್ನ ದಾಖಲೆ ವಾಪಸ್ ಕೊಡಿ ಅಂದೆ. ಅವರು ಬಯ್ಯಲಿಲ್ಲ. ಬಾಗಿಲು ಮುಂದೆ ಮಾಡಿ, ನನ್ನನ್ನು ಕೂರಿಸಿ, ತುಂಬಾ ಪ್ರೀತಿಯಿಂದ ಮಾತಾಡಿದರು.

‘ನೋಡಮ್ಮ, ಒಳ್ಳೆ ಕೆಲಸ ಮಾಡಿದ್ದೀಯ. ಆದರೆ ಐದನೇ ಭೇಟಿಯಿಂದ ಏಳನೆಯದಕ್ಕೆ ಹಾರಿದ್ದೀಯ. ಆರನೆಯದು ಎಲ್ಲಿ? ಏಳರಲ್ಲಿ ಮನುಷ್ಯ ಹಗುರಾಗಿದ್ದಾನೆ. ಮಧ್ಯೆ ಏನೋ ಆಗಿದೆ. ಅವನು ಅತ್ತಿದ್ದಾನೆ, ಅಲ್ಲವಾ? ಅದನ್ನು ಬರೆದುಕೊಡು. ದಾಖಲೆ ಪೂರ್ಣವಾಗುತ್ತದೆ, ನಿನ್ನ ಎಂಟು ಕ್ರೆಡಿಟ್ ಪೂರ್ಣವಾಗುತ್ತದೆ. ಫೆಬ್ರವರಿ ಕೊನೆಯೊಳಗೆ ಕೊಟ್ಟರೆ ಫೆಲೋಶಿಪ್ಪೂ ಉಳಿಯುತ್ತದೆ. ನನ್ನ ಪುಸ್ತಕದಲ್ಲೂ ಒಂದು ಅಧ್ಯಾಯ ಆಗುತ್ತದೆ.’

ವಾಸನೆ ಹಿಡಿಯುವ ಮೂಗು ಮಾತ್ರ ಚೆನ್ನಾಗಿದೆ ಆ ಮನುಷ್ಯನಿಗೆ, ಅದಕ್ಕೇ ಇನ್ನೂ ಹೇಸಿಗೆಯಾಯಿತು. ಆರನೇ ಭೇಟಿ ಇತ್ತು. ಶಾಂತಿಗ್ರಾಮದ ಬಸ್‌ಸ್ಟಾಪಿನಲ್ಲಿ. ನೀವು ಹೇಳತೊಡಗಿದಾಗ ‘ಇದ್ನ ಬರ್ಕೋಬ್ಯಾಡ ಕಣವ್ವ’ ಅಂದಿರಿ. ನಾನು ಪೆನ್ನು ಮುಚ್ಚಿದೆ. ಆಮೇಲೂ ಬರೆಯಲಿಲ್ಲ. ಅಮ್ಮನಿಗೂ ಹೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಬರೆಯಲಾ?

ಈ ಸಾಲು ಬರೆದು ಎರಡು ಸಲ ಹೊಡೆದುಹಾಕಿದೆ. ಮತ್ತೆ ಬರೆದೆ. ಬೇಡ ಅಂದರೆ ಬೇಡ, ಮತ್ತೆ ಎತ್ತುವುದಿಲ್ಲ.

ಸ್ನೇಹ


ಚನ್ನರಾಯಪಟ್ಟಣ
೨೭ ಜನವರಿ ೨೦೨೫

ಸ್ನೇಹವ್ವ,

ಬರ್ಕೋ.

ನೀನು ಕೇಳಿದ್ಯಲ್ಲ ಅಂತ ಬೇಜಾರಾಗಿ ಒಂದು ವಾರ ನಿನ್ನ ಕಾಗದ ಸೂರಿಗೆ ಸಿಕ್ಸಿದ್ದೆ. ಆಮೇಲೆ ಅನ್ನಿಸ್ತು, ಬಾಯಂತೂ ಹೋಯ್ತು, ಇದೊಂದ ಮಡಿಕ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ. ನಿನಗಾದ್ರೂ ಆಗ್ಲಿ. ನೀನು ತಪ್ಪು ಬರೀಬಾರ್ದು ಅಂತ ನಾನೇ ಬರ್ಕೊಡ್ತೀನಿ.

ನಾನು ಎಣಿಸೋವಾಗ ನಿಮ್ಮತ್ತೆ ಪುಟ್ಟತಾಯಿ ಎದುರಿಗೆ ಕೂರೋಳು. ನೂರಾದ ಕೂಡ್ಲೇ ಗುಡ್ಡೆಯಿಂದ ಒಂದು ಕಾಯಿ ಎತ್ತಿ ಪಕ್ಕಕ್ಕೆ ಮಡಗೋಳು. ಅದು ಗುರುತಿನ ಕಾಯಿ. ಅವಳು ಮಡಗಿದ್ಲು ಅಂದ್ರೆ ನಾನು ಮತ್ತೆ ಲಾಭದಿಂದ ಶುರು. ಸಾಯಂಕಾಲ ಗುರುತಿನ ಕಾಯಿ ಎಷ್ಟಿದ್ರೆ ಅಷ್ಟು ನೂರು. ನಮ್ಮ ಮದುವೆ ಆದಾಗಿಂದ ನನ್ನ ಬಾಯಲ್ಲಿ ನೂರ ಒಂದು ಅನ್ನೋದು ಬಂದೇ ಇರ್ಲಿಲ್ಲ.

ಅವಳ ತಿಥಿ ಮುಗಿಸಿ ಕೆಲಸಕ್ಕೆ ಬಂದೆ. ಲಾಭ ಅಂತ ಚೆನ್ನಾಗೇ ಶುರು ಮಾಡ್ದೆ. ತೊಂಬತ್ತೊಂಬತ್ತು, ನೂರು. ಎದುರಿಗೆ ಕೈ ಬರ್ಲಿಲ್ಲ. ನೂರ ಒಂದು ಅಂದೆ. ನೂರ ಎರಡು ಅಂದೆ. ಯಾರೂ ನಿಲ್ಲಿಸ್ಲಿಲ್ಲ. ನೂರ ನಲವತ್ತರ ಗಂಟ ಹೋದೆ. ಲಕ್ಕಯ್ಯ ಬಂದು ಕೈ ಹಿಡ್ಕೊಂಡ. ಆವಾಗ್ಲೂ ಅಳ್ಲಿಲ್ಲ. ‘ಇವತ್ತು ಆಫರ್ ಕಣ್ರಲಾ, ನೂರಕ್ಕೆ ನಲವತ್ತು ಫ್ರೀ’ ಅಂದೆ. ಎಲ್ರೂ ನಕ್ರು. ಮೂರು ವರ್ಷ ಆದ್ಮೇಲೆ ಶಾಂತಿಗ್ರಾಮದಲ್ಲಿ ಬಸ್ಸು ತಪ್ಪಿ, ನಿನ್ನ ಮುಂದೆ ಅತ್ತೆ. ಅಷ್ಟೇ.

ಕೆಳಗ್ಡೆ ಸೈನ್ ಹಾಕಿದೀನಿ. ಕೊಡು. ಒಂದೇ ಕರಾರು. ಷಡಕ್ಷರಿ ಈ ಪುಟ ತಿರುಗಿಸೋ ಮುಂಚೆ ಬೆರಳು ತೊಳ್ಕೊಳ್ಳಲಿ.

ಹೆಚ್. ಎನ್. ದೇವರಾಜು


ಹಾಸ್ಟೆಲ್
೫ ಮಾರ್ಚ್ ೨೦೨೫

ಪ್ರೀತಿಯ ಮಾವ,

ಕೊಡಲಿಲ್ಲ.

ನಿಮ್ಮ ಪುಟ ಹಿಡಿದುಕೊಂಡು ಅವರ ಬಾಗಿಲವರೆಗೂ ಹೋದೆ, ಅದನ್ನು ಮುಚ್ಚಿಡುವುದಿಲ್ಲ. ಒಳಗೆ ಶಶಿಕಿರಣ್ ಇದ್ದರು, ಇಬ್ಬರೂ ಕಡಲೆಬೀಜ ತಿನ್ನುತ್ತಿದ್ದರು. ಸಿಪ್ಪೆಯನ್ನು ಯಾರದೋ ಪ್ರಬಂಧದ ಮೇಲೆ ಒಟ್ಟಿದ್ದರು. ಷಡಕ್ಷರಿಯವರು ಕೈ ಚಾಚಿದರು. ಬೆರಳಿಗೆ ಉಪ್ಪು ಮೆತ್ತಿತ್ತು. ನನಗೆ ನಿಮ್ಮ ಕರಾರು ನೆನಪಾಯಿತು. ‘ಸರ್, ಆರನೇ ಭೇಟಿಯಲ್ಲಿ ನಾವು ಬಸ್ಸಿಗೆ ಕಾದೆವು, ಅಷ್ಟೇ’ ಅಂದೆ.

ನನ್ನ ದಾಖಲೆ ಕೇಳಿ ಈಸಿಕೊಂಡೆ. ನಿಮ್ಮನ್ನು ಪರದೆಯಿಂದ ತೆಗೆದರು. ತೆಗೆಯುವಾಗ ಶಶಿಕಿರಣ್ ‘ಒಳ್ಳೆ ಕೇಸು ಹೋಯ್ತು’ ಅಂದರು, ಮನೆಯ ನಾಯಿ ಸತ್ತವರ ಹಾಗೆ. ಮರುಟೆಸ್ಟಿನಲ್ಲೂ ಅದೇ ಪ್ರಶ್ನೆ ಇತ್ತು, ಅಚ್ಚಾಗಿಬಿಟ್ಟಿತ್ತಂತೆ. ಅದೇ ಉತ್ತರ ಬರೆದೆ, ಅದೇ ಸೊನ್ನೆ ಬಂತು. ಮಿಕ್ಕಿದ್ದರಲ್ಲಿ ಪಾಸಾದೆ.

ಎಂಟು ಕ್ರೆಡಿಟ್ ಹೋಯಿತು, ಫೆಲೋಶಿಪ್ ಹೋಯಿತು. ಪಿಎಚ್‌ಡಿ ಬಿಡುವುದಿಲ್ಲ. ಪಾರ್ಟ್‌ಟೈಮಿಗೆ ಬದಲಾಯಿಸಿಕೊಂಡೆ. ಹಾಸನದ ಶಾಲೆಯವರು ಮತ್ತೆ ಕರೆದಿದ್ದಾರೆ. ಶನಿವಾರ ಅರಕಲಗೂಡಿಗೆ ಹೋಗಿ ಪ್ರಾಕ್ಟಿಕಮ್‌ನ ಭೇಟಿಗಳನ್ನು ಹೊಸದಾಗಿ ಮಾಡುತ್ತೇನೆ. ಡಾಕ್ಟರ್ ಆಗುವಷ್ಟರಲ್ಲಿ ತಲೆ ನೆರೆತಿರುತ್ತದೆ, ಮಂಡಿಯವರಿಗೆ ಹೇಳಿ.

ಇಲ್ಲಿ ಎಲ್ಲರೂ ನಿಮ್ಮ ದುಃಖವನ್ನು ಒಂದರಲ್ಲಿ ಹುಡುಕಿದರು ಮಾವ. ಅದು ನೂರರಲ್ಲಿತ್ತು. ಅವರಿಗೆ ಗೊತ್ತಾಗುವುದು ಬೇಡ.

ನಿಮ್ಮ ಪುಟ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಕೇಳಿದ್ದಕ್ಕೆ ನನ್ನ ಮೇಲೇ ನನಗೆ ಅಸಹ್ಯವಾಗಿದೆ.

ನಿಮ್ಮ,
ಸ್ನೇಹ


ಚನ್ನರಾಯಪಟ್ಟಣ
೧೨ ಮಾರ್ಚ್ ೨೦೨೫

ಸ್ನೇಹವ್ವ,

ನೀನು ಪೆದ್ದಿ. ಲಕ್ಕಯ್ಯನೂ ಅದೇ ಅಂದ. ಅಂದ್ಬುಟ್ಟು, ‘ಪೆದ್ದಿ ಆದ್ರೂ ನಮ್ಮೋಳು ಕಣ್ಲಾ’ ಅಂತ ಬೀಡಿ ಹಚ್ಚಿದ.

ಆ ಪುಟ ಬಚ್ಚಲ ಒಲೆಗೆ ಹಾಕಿ ಒಂದು ಹಂಡೆ ನೀರು ಕಾಯಿಸ್ಕೊಂಡೆ. ಚೆನ್ನಾಗಿ ಉಜ್ಕೊಂಡೆ.

ಬಾಯಿ ಇನ್ನೂ ಬಂದಿಲ್ಲ. ಸಿಪ್ಪೆನೇ ಒಟ್ತಾ ಇದೀನಿ. ಒಬ್ಬನೇ ಇದ್ದಾಗ ನೋಡ್ದೆ, ಆಗ್ಲಿಲ್ಲ.

ಬರೋ ಭಾನುವಾರ ಹಾಸನಕ್ಕೆ ಹೋಗೋ ಮುಂಚೆ ಇಲ್ಲಿ ಇಳ್ಕೋ. ಷೆಡ್ಡಲ್ಲಿ ಯಾರೂ ಇರಲ್ಲ. ಅನಿಲ್‌ಕುಮಾರಂಗೆ ಹೇಳಿ ಒಂದು ಗುಡ್ಡೆ ಬಿಡಿಸ್ಕೊಂಡಿದೀನಿ. ಪೆನ್ನು ತರಬೇಡ. ಎದುರಿಗೆ ಕೂತ್ಕೋ. ನಾನು ಲಾಭ ಅನ್ನೋಕೆ ನೋಡ್ತೀನಿ. ಬಂದ್ರೆ ಬರ್ತದೆ.

ಬಂತು ಅಂದ್ರೆ, ನೂರಾದಾಗ ಒಂದು ಕಾಯಿ ಎತ್ತಿ ಪಕ್ಕಕ್ಕೆ ಮಡಗು.

ಇಂತಿ,
ನಿನ್ನ ಮಾವ
ದೇವರಾಜು